ಹೊಗೆಯ ಜಮಾಖರ್ಚು

ಬೆಟ್ಟದ ನೆತ್ತಿಯ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇರಲೇಬೇಕೆಂದು ತಿಳಿಯುವುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಕಾಣುವ ಹೊಗೆಯಿಂದ ಕಾಣದ ಬೆಂಕಿಯನ್ನು ಊಹಿಸುವ ಈ ಕ್ರಮವನ್ನು ನೈಯಾಯಿಕರು ಅನುಮಾನ ಪ್ರಮಾಣವೆಂದು ಕರೆದರು. ಇಂದಿನ ಲೆಕ್ಕಿಗರ ಪಾಲಿಗೆ ಬಂದಿರುವ ಕೆಲಸವಾದರೋ ಇದಕ್ಕೆ ವಿಪರೀತವಾದುದು. ಉಷ್ಣ ವಿದ್ಯುತ್ ಸ್ಥಾವರದ ಅಂಗಳದಲ್ಲಿ ರಾಶಿ ಬಿದ್ದಿರುವ ಕಲ್ಲಿದ್ದಲು ಅವರ ಕಣ್ಣಿಗೆ ಕಾಣುತ್ತದೆ. ಉರಿಯುವ ಬೆಂಕಿಯೂ ಕಾಣುತ್ತದೆ. ಆದರೆ ಆ ಬೆಂಕಿಯಿಂದ ಹುಟ್ಟಿ ಮುಗಿಲಿಗೇರುವ ಇಂಗಾಲದ ಡೈಆಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಳೆಯ ಶಾಲಾ ಪುಸ್ತಕಗಳು ಇಂಗಾಲಾಮ್ಲವೆಂದು ಕರೆದದ್ದು ಇದನ್ನೇ. ಭೂಮಿಯನ್ನು ಬಿಸಿಯೇರಿಸುತ್ತಿರುವ ಈ ಅನಿಲವನ್ನು ಇಂದು ಟನ್ನುಗಳಲ್ಲಿ ಎಣಿಸಿ, ಬೆಲೆ ಕಟ್ಟಿ, ಕೊಂಡು, ಮಾರುತ್ತಿದ್ದಾರೆ. ಕಾಣದ ವಸ್ತುವಿಗೆ ಕೈಯಲ್ಲಿ ಹಿಡಿಯುವ ಹಣ! ಇದು ಹೇಗೆ ಸಾಧ್ಯ? ಇದರಲ್ಲಿ ಸತ್ಯವೆಷ್ಟು, ಬಣ್ಣವೆಷ್ಟು?

ಎಣಿಕೆಯ ಮೂಲಸೂತ್ರ ಸರಳವಾದುದೇ. 12 ತೂಕದ ಇಂಗಾಲ ಉರಿದರೆ ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು 44 ತೂಕದ ಅನಿಲವಾಗುತ್ತದೆ. ಎಂದರೆ ಒಂದು ಟನ್ ಇಂಗಾಲದಿಂದ ಮೂರೂವರೆ ಟನ್ನಿಗೂ ಮಿಕ್ಕ ಅನಿಲ. ಆದುದರಿಂದ ಚಿಮಣಿಯ ಬಾಯಿಗೆ ತಕ್ಕಡಿ ಹಿಡಿಯಬೇಕಾಗಿಲ್ಲ. ಉರಿದ ಕಲ್ಲಿದ್ದಲು ಎಷ್ಟು, ಅದರಲ್ಲಿದ್ದ ಇಂಗಾಲದ ಅಂಶವೆಷ್ಟು, ಇವೆರಡು ತಿಳಿದರೆ ಉಳಿದದ್ದು ಗುಣಾಕಾರ. ಮುಂದಿನ ಕಥೆಯ ಸುಖದುಃಖಗಳೆಲ್ಲವೂ ಈ ಎರಡು ಅಂಕಿಗಳ ಪ್ರಾಮಾಣಿಕತೆಯನ್ನೇ ಅವಲಂಬಿಸಿವೆ.

ಶಾಂಘೈ ಪೇಟೆಯ ಒಂದು ಬೆಳಗು

2020ರ ಸೆಪ್ಟೆಂಬರಿನಲ್ಲಿ ಚೀನಾ ದೇಶದ ಅಧ್ಯಕ್ಷ ಷಿ ಜಿನ್‌ಪಿಂಗ್ ಅವರು ವಿಶ್ವಸಂಸ್ಥೆಯ ಮಹಾಸಭೆಗೆ ಒಂದು ಮಾತು ಕೊಟ್ಟರು. 2030ರ ಒಳಗೆ ತಮ್ಮ ದೇಶ ಹೊರಸೂಸುವ ಇಂಗಾಲದ ಅನಿಲವು ತನ್ನ ತುದಿಮಟ್ಟವನ್ನು ಮುಟ್ಟಿ ಇಳಿಮುಖವಾಗುವುದು. 2060ರ ಒಳಗೆ ದೇಶವು ಇಂಗಾಲ ತಟಸ್ಥವಾಗುವುದು. ತಟಸ್ಥವೆಂದರೆ ಒಲೆ ಹಚ್ಚದೆ ಕುಳಿತುಕೊಳ್ಳುವುದೆಂದಲ್ಲ. ತಗ್ಗಿಸಬಹುದಾದಷ್ಟನ್ನು ತಗ್ಗಿಸಿ, ಉಳಿದಷ್ಟು ಅನಿಲಕ್ಕೆ ಸಮನಾದುದನ್ನು ಮರ ಬೆಳೆಸುವುದೇ ಮೊದಲಾದ ಬೇರೆ ದಾರಿಯಿಂದ ಹಿಂದಕ್ಕೆ ಪಡೆದು, ಜಮೆಯೂ ಖರ್ಚೂ ಸರಿಹೋಗುವಂತೆ ಮಾಡುವುದು.

ಮಾತು ಕೊಟ್ಟ ಮರುವರ್ಷ, 2021ರ ಜುಲೈ 16ರಂದು, ಶಾಂಘೈ ನಗರದಲ್ಲಿ ರಾಷ್ಟ್ರೀಯ ಇಂಗಾಲ ಮಾರುಕಟ್ಟೆಯ ಬಾಗಿಲು ತೆರೆಯಿತು. ಅಂದು ಪೇಟೆ ಆರಂಭವಾದಾಗಿನ ಬೆಲೆ ಟನ್ನಿಗೆ 48 ಯುವಾನ್. ವಿದ್ಯುತ್ತನ್ನು ಉತ್ಪಾದಿಸುವ ಎರಡು ಸಾವಿರಕ್ಕೂ ಮಿಕ್ಕ ಕಂಪೆನಿಗಳು ಈ ವ್ಯವಸ್ಥೆಗೆ ಒಳಪಟ್ಟವು. ಅವೆಲ್ಲವೂ ಕೂಡಿ ವರ್ಷಕ್ಕೆ ಹೊರಬಿಡುತ್ತಿದ್ದ ಅನಿಲ 400 ಕೋಟಿ ಟನ್ನಿಗೂ ಹೆಚ್ಚು. ಒಂದೇ ದಿನದಲ್ಲಿ ಚೀನಾದ ಪೇಟೆ ಈ ಬಗೆಯ ಪೇಟೆಗಳಲ್ಲೆಲ್ಲ ಜಗತ್ತಿನಲ್ಲೇ ದೊಡ್ಡದೆನಿಸಿತು.

ವ್ಯವಹಾರದ ರೀತಿ ಹೀಗಿದೆ. ಇಷ್ಟು ವಿದ್ಯುತ್ತಿಗೆ ಇಷ್ಟು ಅನಿಲವೆಂದು ಸರ್ಕಾರ ಒಂದು ಅಳತೆಗೋಲನ್ನು ನಿಶ್ಚಯಿಸಿ, ಪ್ರತಿ ಕಂಪೆನಿಗೂ ಅದರ ಪಾಲಿನ ಹಕ್ಕನ್ನು ಕೊಡುತ್ತದೆ. ಅಚ್ಚುಕಟ್ಟಾಗಿ ನಡೆಯುವ ಸ್ಥಾವರಕ್ಕೆ ಹಕ್ಕು ಮಿಗುತ್ತದೆ, ಅದು ಮಾರಬಹುದು. ಹಳೆಯ ಯಂತ್ರಗಳಲ್ಲಿ ಕಲ್ಲಿದ್ದಲನ್ನು ಪೋಲು ಮಾಡುವ ಸ್ಥಾವರಕ್ಕೆ ಹಕ್ಕು ಸಾಲದು, ಅದು ಕೊಳ್ಳಲೇಬೇಕು. ಒಂದು ಲಕ್ಷ ಟನ್ನಿನ ಕೊರತೆ ಬಿದ್ದ ಕಂಪೆನಿ ಮೊದಲ ದಿನದ ಬೆಲೆಯಲ್ಲಿ 48 ಲಕ್ಷ ಯುವಾನ್ ತೆರಬೇಕಾಗಿತ್ತು. 2024ರ ಏಪ್ರಿಲಿನಲ್ಲಿ ಬೆಲೆ ಮೊತ್ತಮೊದಲಿಗೆ 100 ಯುವಾನನ್ನು ದಾಟಿತು. ಆಗ ಅದೇ ಕೊರತೆಗೆ ಒಂದು ಕೋಟಿ ಯುವಾನ್! 2025ರಲ್ಲಿ ಬೆಲೆ ಮತ್ತೆ ಇಳಿಯಿತಾದರೂ ಅದೇ ವರ್ಷ ಉಕ್ಕು, ಸಿಮೆಂಟು, ಅಲ್ಯುಮಿನಿಯಂ ಕಾರ್ಖಾನೆಗಳನ್ನೂ ಈ ಕಟ್ಟಿಗೆ ಸೇರಿಸಿಕೊಳ್ಳಲಾಯಿತು.

ಕಂಪೆನಿಯ ಬೆಲೆಗೂ ಅದರ ಹೊಗೆಗೂ ಸಂಬಂಧ ಬೆಳೆಯುವುದು ಇಲ್ಲಿ. ಷೇರಿನ ಬೆಲೆಯೆಂದರೆ ಆ ಕಂಪೆನಿ ಮುಂದೆ ಗಳಿಸಬಹುದಾದ ಲಾಭವನ್ನು ಕೊಳ್ಳುವವನು ಇಂದು ಅಂದಾಜು ಮಾಡುವ ಬಗೆ. ನಾಳೆ ಹಕ್ಕು ಕೊಳ್ಳಲು ಹಣ ಸುರಿಯಬೇಕಾದ ಕಂಪೆನಿಯ ಲಾಭ ಕರಗುತ್ತದೆ. ಹಕ್ಕು ಮಾರುವ ಕಂಪೆನಿಯ ಲಾಭ ಬೆಳೆಯುತ್ತದೆ. ಹಿಂದೆ ಚಿಮಣಿಯ ಹೊಗೆ ಊರಿನವರ ಕೆಮ್ಮಿಗೆ ಮಾತ್ರ ಕಾರಣವಾಗಿತ್ತು. ಈಗ ಅದು ಯಜಮಾನನ ಲೆಕ್ಕದ ಪುಸ್ತಕವನ್ನೂ ಹೊಕ್ಕಿದೆ.

ಬಡ್ಡಿಯೂ ಹೊಗೆಯೂ

ಈ ಲೆಕ್ಕವನ್ನು ಕೈಬರಹದ ಕಡತಗಳಲ್ಲಿ ಇಡಲಾಗದು. ಸಾವಿರಾರು ಕಾರ್ಖಾನೆಗಳ ವಿದ್ಯುತ್ ಮೀಟರು, ಕಲ್ಲಿದ್ದಲ ರಸೀದಿ, ಸಾಲದ ಖಾತೆ, ತೆರಿಗೆಯ ಪಟ್ಟಿ ಇವೆಲ್ಲವನ್ನೂ ಒಂದೆಡೆ ಕೂಡಿಸಿ ನೋಡುವ ಶಕ್ತಿ ಗಣಕಯಂತ್ರಗಳದು. ಹಣದ ವ್ಯವಹಾರಕ್ಕೂ ಗಣಕಯಂತ್ರಕ್ಕೂ ನಡೆದ ಈ ಮದುವೆಗೆ ಪೇಟೆಯ ಜನ ಇಟ್ಟಿರುವ ಹೆಸರು ಫಿನ್‌ಟೆಕ್. ಮೊಬೈಲಿನಲ್ಲಿ ಹಣ ಕಳುಹಿಸುವುದರಿಂದ ಮೊದಲ್ಗೊಂಡು ಯಂತ್ರವೇ ಸಾಲ ಮಂಜೂರು ಮಾಡುವವರೆಗೆ ಎಲ್ಲವೂ ಇದರ ಸಂತಾನ. ಚೀನಾದಲ್ಲಿ 2015ರಲ್ಲಿ ಆರಂಭವಾದ ಮೈಬ್ಯಾಂಕ್ ಎಂಬ ಬ್ಯಾಂಕು ತನ್ನ ಪದ್ಧತಿಯನ್ನು ಮೂರು ಅಂಕಿಗಳಲ್ಲಿ ಸಾರಿಕೊಂಡಿತು: ಅರ್ಜಿಗೆ 3 ನಿಮಿಷ, ತೀರ್ಮಾನಕ್ಕೆ 1 ಸೆಕೆಂಡು, ನಡುವೆ ಮನುಷ್ಯರು 0.

ಚಿಕ್ಕ ಕಾರ್ಖಾನೆಯವನಿಗೆ ಇದರಿಂದ ಏನು ಪ್ರಯೋಜನ? ರೇಷ್ಮೆಗೂ ಬರೆಯುವ ಕುಂಚಗಳಿಗೂ ಹೆಸರಾದ ಹೂಝೌ ಎಂಬ ಹಳೆಯ ನಗರ ಇದಕ್ಕೆ ಉತ್ತರ ಹೇಳುತ್ತದೆ. ಝೆಜಿಯಾಂಗ್ ಪ್ರಾಂತದ ಈ ಊರನ್ನು 2017ರಲ್ಲಿ ಹಸಿರು ಹಣಕಾಸಿನ ಪ್ರಯೋಗಕ್ಕಾಗಿ ಆರಿಸಲಾಯಿತು. 2021ರಲ್ಲಿ ಅಲ್ಲಿನ ಕಾರ್ಖಾನೆಗಳಿಗೆ ಇಂಗಾಲದ ಸಂಕೇತಗಳನ್ನು ಕೊಟ್ಟರು. ಕಾರ್ಖಾನೆ ಬಳಸಿದ ವಿದ್ಯುತ್ತು ಮತ್ತಿತರ ಇಂಧನಗಳಿಂದ ಅದರ ಅನಿಲವನ್ನು ಲೆಕ್ಕಹಾಕಿ, ತಯಾರಾದ ಮಾಲಿನ ಬೆಲೆಯೊಡನೆ ತೂಗಿ, ಅದೇ ಕಸಬಿನ ಇತರರೊಡನೆ ಹೋಲಿಸಿ, ಒಂದರಿಂದ ಐದರವರೆಗೆ ದರ್ಜೆ. ಶಾಲೆಯ ಹುಡುಗನಿಗೆ ಅಂಕಪಟ್ಟಿ ಇದ್ದಂತೆ ಕಾರ್ಖಾನೆಗೂ ಒಂದು ಅಂಕಪಟ್ಟಿ! ಸಾಲ ಕೊಡುವ ಬ್ಯಾಂಕು ಈ ದರ್ಜೆಯನ್ನು ನೋಡುತ್ತದೆ. ಯಂತ್ರ ಬದಲಿಸಿ ಇಂಧನ ಉಳಿಸುವವನಿಗೆ ಸಾಲ ಸುಲಭ.

ಬ್ಯಾಂಕಿಗಾದರೂ ಇಷ್ಟು ಔದಾರ್ಯ ಎಲ್ಲಿಂದ ಬರಬೇಕು? ಅದಕ್ಕೂ ಒಂದು ಉಪಾಯವಿದೆ. 2021ರ ನವೆಂಬರಿನಲ್ಲಿ ಚೀನಾದ ಕೇಂದ್ರ ಬ್ಯಾಂಕು ಒಂದು ಯೋಜನೆಯನ್ನು ಪ್ರಕಟಿಸಿತು. ಶುದ್ಧ ಇಂಧನಕ್ಕೋ ಇಂಧನದ ಉಳಿತಾಯಕ್ಕೋ ಬ್ಯಾಂಕು 100 ಯುವಾನ್ ಸಾಲ ಕೊಟ್ಟರೆ ಅದರಲ್ಲಿ 60 ಯುವಾನನ್ನು ಕೇಂದ್ರ ಬ್ಯಾಂಕು ಆಗ ವರ್ಷಕ್ಕೆ ನೂರಕ್ಕೆ 1.75ರ ಬಡ್ಡಿಗೆ ಒದಗಿಸುತ್ತಿತ್ತು. ಆದರೆ ಒಂದು ಷರತ್ತು. ಆ ಸಾಲದಿಂದ ಎಷ್ಟು ಅನಿಲ ತಗ್ಗಿತೆಂಬ ಲೆಕ್ಕವನ್ನು ಬ್ಯಾಂಕು ಸಾರ್ವಜನಿಕವಾಗಿ ಪ್ರಕಟಿಸಬೇಕು. ಹೊರಗಿನವರು ಅದನ್ನು ಪರಿಶೀಲಿಸಬೇಕು. ಹೀಗೆ ಅಗ್ಗದ ಬಡ್ಡಿಯ ಬೆನ್ನಿಗೆ ಅಳತೆಯ ಹೊಣೆಯನ್ನೂ ಕಟ್ಟಿದರು. ಬಡ್ಡಿಯಲ್ಲಿ ಉಳಿಯುವ ಹಣ ಕಂಪೆನಿಯ ಲಾಭಕ್ಕೆ ಸೇರುತ್ತದೆ. ಲಾಭದಿಂದ ಕಂಪೆನಿಯ ಬೆಲೆ ಏರುತ್ತದೆ. ಸಿದ್ಧಾಂತವೇನೋ ಸೊಗಸಾಗಿದೆ. ಅನುಷ್ಠಾನದಲ್ಲಿ ನಡೆದದ್ದೇನೆಂಬುದನ್ನು ತಿಳಿಯಬೇಕಾದರೆ ವಾಚಕರು ಶಾಂಘೈಯನ್ನು ಬಿಟ್ಟು ವಾಯುವ್ಯಕ್ಕೆ, ಒಳ ಮಂಗೋಲಿಯಕ್ಕೆ ಪಯಣ ಮಾಡಬೇಕು. ಹುಲ್ಲುಗಾವಲು, ಮರಳುಗಾಡು, ಕಲ್ಲಿದ್ದಲ ಗಣಿ ಮೂರೂ ಇರುವ ಆ ವಿಶಾಲ ಪ್ರಾಂತದಲ್ಲಿ ಈ ಹೊಸ ವಿದ್ಯೆಯ ಮೂರು ಮುಖಗಳೂ ಒಟ್ಟಿಗೆ ಕಾಣಸಿಗುತ್ತವೆ.

ಮರಳುಗಾಡಿನ ಮರ

ಮೊದಲನೆಯದು ಪ್ರಸನ್ನ ಮುಖ. ಮೈಬ್ಯಾಂಕಿನ ಹಿಂದಿರುವ ಆ್ಯಂಟ್ ಸಂಸ್ಥೆ 2016ರ ಆಗಸ್ಟಿನಲ್ಲಿ ತನ್ನ ಅಲಿಪೇ ಎಂಬ ಹಣಪಾವತಿಯ ಆ್ಯಪ್‌ನಲ್ಲಿ ಒಂದು ಆಟವನ್ನು ಹೂಡಿತು. ಅದರ ಹೆಸರು ಇರುವೆಗಳ ಕಾಡು. ಕಾರನ್ನು ಮನೆಯಲ್ಲಿ ಬಿಟ್ಟು ನಡೆದು ಹೋದವನಿಗೆ, ಬಸ್ಸು ರೈಲು ಹತ್ತಿದವನಿಗೆ, ವಿದ್ಯುತ್ತಿನ ಬಿಲ್ಲನ್ನು ಕಾಗದವಿಲ್ಲದೆ ಮೊಬೈಲಿನಲ್ಲಿ ಕಟ್ಟಿದವನಿಗೆ, ಅವನು ಉಳಿಸಿದ ಅನಿಲವನ್ನು ಗ್ರಾಮುಗಳಲ್ಲಿ ಎಣಿಸಿ ಖಾತೆಗೆ ಜಮೆ ಮಾಡುತ್ತಾರೆ. ಇಂದಿನ ಗಳಿಕೆ ನಾಳೆ ಬೆಳಗಿಗೆ ಹಣ್ಣಾಗಿ ತೂಗುತ್ತದೆ. ಯಜಮಾನ ಎದ್ದು ಕೊಯ್ಯಬೇಕು. ತಡ ಮಾಡಿದರೆ ಸ್ನೇಹಿತರು ಅದರಲ್ಲಿ ಒಂದಿಷ್ಟನ್ನು ಕದಿಯಬಹುದು! ನೆರೆಯವರ ಹಿತ್ತಲ ಹೂವಿಗೆ ಕೈ ಹಾಕುವ ಈ ಸಣ್ಣ ಕಳ್ಳತನದ ಸುಖಕ್ಕಾಗಿಯೇ ಮುಂಜಾನೆ ಎದ್ದವರು ಅಸಂಖ್ಯಾತ. 17.9 ಕಿಲೋಗ್ರಾಂ ಕೂಡಿತೆಂದರೆ ಮರಳುಗಾಡಿನಲ್ಲಿ ಅವನ ಹೆಸರಿನಲ್ಲಿ ಸಾಕ್ಸಾಲ್ ಎಂಬ ಒಂದು ನಿಜವಾದ ಗಿಡ. ಖರ್ಚು ಕಂಪೆನಿಯದು.

ಸಾಕ್ಸಾಲ್ ನೋಡಲು ಚೆಲುವಾದ ಮರವಲ್ಲ. ಎಲೆಗಳು ಇದ್ದೂ ಇಲ್ಲದಂತೆ ಕುಗ್ಗಿವೆ, ಕೊಂಬೆ ಗಂಟುಗಂಟು. ಆದರೆ ಅದರ ಬೇರು ಆಳಕ್ಕಿಳಿದು ಹಾರುವ ಮರಳನ್ನು ಹಿಡಿದು ನಿಲ್ಲಿಸುತ್ತದೆ. ಆ ಬೇರನ್ನೇ ಆಶ್ರಯಿಸಿ ಬೆಳೆಯುವ ಒಂದು ಬಂದಳಿಕೆಯ ಜಾತಿಯ ಸಸ್ಯ ಚೀನೀ ವೈದ್ಯದಲ್ಲಿ ಬೆಲೆಬಾಳುವ ಔಷಧ. ಆದುದರಿಂದ ಒಳ ಮಂಗೋಲಿಯದ ಅಲ್ಷಾ ಸೀಮೆಯ ದನಗಾಹಿಗೆ ಗಿಡದ ರಕ್ಷಣೆ ಹೊಟ್ಟೆಯ ಪ್ರಶ್ನೆಯೂ ಹೌದು. 2019ರ ಹೊತ್ತಿಗೆ 50 ಕೋಟಿ ಜನ ಈ ಆಟವನ್ನು ಸೇರಿ 12 ಕೋಟಿಗೂ ಹೆಚ್ಚು ಗಿಡಗಳು ನೆಲ ಕಂಡಿದ್ದವು. ಆ ವರ್ಷ ವಿಶ್ವಸಂಸ್ಥೆ ಈ ಯೋಜನೆಗೆ ತನ್ನ ‘ಭೂಮಿಯ ವೀರರು’ ಪ್ರಶಸ್ತಿಯನ್ನಿತ್ತಿತು.

ಇದರಿಂದ ಕಂಪೆನಿಗೆ ಲಾಭವಾಗಲಿಲ್ಲವೆ? ಖಂಡಿತವಾಗಿಯೂ ಆಯಿತು. ದಿನವೂ ಬೆಳಗ್ಗೆ ಹಣ್ಣು ಕೊಯ್ಯಲು ಬಂದವನು ಅದೇ ಆ್ಯಪ್‌ನಲ್ಲಿ ಹಾಲಿನ ಹಣವನ್ನೂ ಪಾವತಿ ಮಾಡುತ್ತಾನೆ. ಜನರ ಪ್ರೀತಿಯೂ ಒಂದು ಬಂಡವಾಳ. ಆದರೆ ಹಸಿರು ಹೆಸರೊಂದರಿಂದಲೇ ಕಂಪೆನಿಯ ಬೆಲೆ ಕಾಯದು. 2020ರ ನವೆಂಬರ್ 3ರಂದು, ಷೇರುಪೇಟೆಗೆ ಕಾಲಿಡಲು ಎರಡೇ ದಿನ ಉಳಿದಿದ್ದಾಗ, ಇದೇ ಆ್ಯಂಟ್ ಸಂಸ್ಥೆಯ 3400 ಕೋಟಿ ಡಾಲರಿಗೂ ಮಿಕ್ಕ ಷೇರು ಮಾರಾಟಕ್ಕೆ ತಡೆ ಬಿತ್ತು. ಹಣಕಾಸಿನ ನಿಯಂತ್ರಣಾಧಿಕಾರಿಗಳ ಪ್ರಶ್ನೆಗಳಿಗೆ ಮರಳುಗಾಡಿನ ಹನ್ನೆರಡು ಕೋಟಿ ಮರಗಳು ಉತ್ತರ ಹೇಳಲಾರದೆ ಹೋದವು. ನೀರಿಲ್ಲದ ನೆಲದಲ್ಲಿ ಗಿಡಗಳನ್ನು ಒತ್ತಾಗಿ ನೆಟ್ಟರೆ ನೆಲದಡಿಯ ನೀರು ಬತ್ತೀತೆಂದು ಸಸ್ಯವಿಜ್ಞಾನಿಗಳು ಎಚ್ಚರಿಸುವುದನ್ನೂ ಮರೆಯಬಾರದು. ನೆಟ್ಟ ಗಿಡದ ಲೆಕ್ಕಕ್ಕಿಂತ ಉಳಿದ ಮರದ ಲೆಕ್ಕ ದೊಡ್ಡದು.

ಬೇಲಿಯೇ ಎದ್ದು ಹೊಲ ಮೇದಾಗ

ಎರಡನೆಯ ಮುಖ ಕಪ್ಪಾದುದು. ಕಲ್ಲಿದ್ದಲಲ್ಲಿರುವ ಇಂಗಾಲದ ಅಂಶವನ್ನು ಕಂಪೆನಿಗಳು ತಿಂಗಳು ತಿಂಗಳೂ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಪರೀಕ್ಷೆ ಮಾಡಿಸದವರಿಗೆ ಸರ್ಕಾರ ಒಂದು ನಿಗದಿಯ ಅಂಕಿಯನ್ನು ಹಚ್ಚುತ್ತಿತ್ತು. ಸೋಮಾರಿಗಳಿಗೆ ಚುರುಕು ಮುಟ್ಟಲೆಂದು ಆ ಅಂಕಿಯನ್ನು ಬೇಕೆಂದೇ ವಾಸ್ತವಕ್ಕಿಂತ ಬಹಳ ಮೇಲಿಟ್ಟಿದ್ದರು. ಅದನ್ನು ಹಚ್ಚಿಸಿಕೊಂಡ ಕಂಪೆನಿ ತಾನು ಬಿಡದ ಅನಿಲಕ್ಕೂ ಹಣ ತೆರಬೇಕಾಗುತ್ತಿತ್ತು. ಸದುದ್ದೇಶದ ಈ ನಿಯಮವೇ ಮೋಸಕ್ಕೆ ಮೂಲವಾದದ್ದು ವಿಧಿವಿಲಾಸ. ಹಳೆಯ ತಿಂಗಳುಗಳ ಕಲ್ಲಿದ್ದಲು ಎಂದೋ ಉರಿದು ಬೂದಿಯಾಗಿತ್ತು. ಪರೀಕ್ಷಿಸಲು ಮಾದರಿಯೇ ಇರಲಿಲ್ಲ. ಇಲ್ಲದ ಮಾದರಿಗೆ ವರದಿಯನ್ನು ಸೃಷ್ಟಿಸುವವರು ಹುಟ್ಟಿಕೊಂಡರು.

ಪೇಟೆ ತೆರೆದ 2021ರ ಜುಲೈ ತಿಂಗಳಲ್ಲೇ ಒಳ ಮಂಗೋಲಿಯದ ಒಂದು ಕಂಪೆನಿಯ ಪರೀಕ್ಷಾ ವರದಿಗಳು ತಿದ್ದಿದವುಗಳೆಂದು ಪರಿಸರ ಇಲಾಖೆ ಹೊರಗೆಡಹಿತು. 2022ರ ಮಾರ್ಚಿ ತಿಂಗಳಲ್ಲಿ ಅದೇ ಇಲಾಖೆ ನಾಲ್ಕು ಸಂಸ್ಥೆಗಳ ಅಕ್ರಮಗಳನ್ನು ಬಯಲಿಗೆಳೆಯಿತು. ಅವು ಅನಿಲವನ್ನು ಹೊರಬಿಡುವ ಕಾರ್ಖಾನೆಗಳಲ್ಲ. ಲೆಕ್ಕ ಬರೆದುಕೊಡುವುದು, ಪರೀಕ್ಷಿಸುವುದು, ಪರಿಶೀಲಿಸುವುದು ಅವುಗಳ ಕಸಬು! ಮಾದರಿ ತಂದ ದಿನಾಂಕವನ್ನು ತಿದ್ದುವುದು, ಹುಸಿ ಮಾದರಿಯನ್ನು ಒಪ್ಪಿಸುವುದು, ನೋಡದೆಯೇ ಸರಿಯಿದೆಯೆಂದು ಸಹಿ ಹಾಕುವುದು ಇಂಥವು ಅವರ ಮೇಲಿದ್ದ ಆರೋಪಗಳು. ಬೇಲಿಯೇ ಎದ್ದು ಹೊಲ ಮೇದರೆ ಕಾಯುವವರು ಯಾರು?

ಇಲ್ಲಿ ಕಳವಾದದ್ದು ಏನೆಂಬುದನ್ನು ನಿಧಾನವಾಗಿ ಯೋಚಿಸಬೇಕು. ಸುಳ್ಳು ವರದಿಯಿಂದ ಒಬ್ಬನ ಖಾತೆಯಲ್ಲಿ ಹಕ್ಕು ಉಳಿಯಿತು. ಅವನು ಅದನ್ನು ಮಾರಿದ. ಕೊಂಡವನು ಅದರ ಬಲದಿಂದ ಅಷ್ಟು ಅನಿಲವನ್ನು ನಿರಾತಂಕವಾಗಿ ಹೊರಬಿಟ್ಟ. ಕಾಗದದಲ್ಲಿ ಲೆಕ್ಕ ಸರಿಹೋಯಿತು, ಆಕಾಶದಲ್ಲಿ ಸರಿಹೋಗಲಿಲ್ಲ. ಕೋಟಿ ಖರ್ಚು ಮಾಡಿ ಹೊಸ ಯಂತ್ರ ತಂದ ಪ್ರಾಮಾಣಿಕ ಯಜಮಾನನಿಗೂ ಇಪ್ಪತ್ತು ಹಾಳೆ ತಿದ್ದಿಸಿದವನಿಗೂ ಪೇಟೆ ಒಂದೇ ಬೆಲೆ ಕೊಟ್ಟಿತು. ಆಗಿನ ನಿಯಮದಂತೆ ಸುಳ್ಳು ಲೆಕ್ಕಕ್ಕೆ ದಂಡ 10 ಸಾವಿರದಿಂದ 30 ಸಾವಿರ ಯುವಾನ್ ಮಾತ್ರ. ಲಕ್ಷಗಟ್ಟಲೆ ಟನ್ನುಗಳ ವ್ಯವಹಾರದ ಎದುರಿಗೆ ಇದು ದಂಡವಲ್ಲ, ಸುಂಕ.

ಸರ್ಕಾರ ಎಚ್ಚತ್ತುಕೊಂಡಿತು. ನಿಗದಿಯ ಅಂಕಿಯನ್ನು ವಾಸ್ತವದ ಹತ್ತಿರಕ್ಕೆ ಇಳಿಸಲಾಯಿತು. ಕಲ್ಲಿದ್ದಲ ತೂಕ, ಪರೀಕ್ಷೆಯ ಫಲ, ಮೂಲ ದಾಖಲೆ ಎಲ್ಲವನ್ನೂ ಪ್ರತಿ ತಿಂಗಳೂ ಗಣಕಯಂತ್ರದ ಜಾಲಕ್ಕೆ ಒಪ್ಪಿಸಬೇಕೆಂದು ಆಜ್ಞೆಯಾಯಿತು. 2024ರ ಮೇ 1ರಿಂದ ಜಾರಿಗೆ ಬಂದ ಹೊಸ ನಿಯಮಾವಳಿ ಸುಳ್ಳು ಲೆಕ್ಕಕ್ಕೆ ದಂಡವನ್ನು ಕನಿಷ್ಠ ಐದು ಲಕ್ಷ ಯುವಾನಿಗೆ ಏರಿಸಿತು. ಯಂತ್ರದ ಉಪಕಾರ ಇಲ್ಲಿ ದೊಡ್ಡದು: ಇಂದು ಒಪ್ಪಿಸಿದ ಅಂಕಿಯನ್ನು ಆರು ತಿಂಗಳ ಮೇಲೆ ಗುಟ್ಟಾಗಿ ತಿದ್ದಲಾಗದು, ವಿದ್ಯುತ್ತು, ಕಲ್ಲಿದ್ದಲು, ರೈಲ್ವೆ ರಸೀದಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಅದು ಕೂಗಿ ಹೇಳುತ್ತದೆ. ಆದರೆ ಮೊದಲ ದಿನವೇ ಬರೆದ ಸುಳ್ಳನ್ನು ಅದು ಸತ್ಯದಷ್ಟೇ ಭದ್ರವಾಗಿ ಕಾಪಾಡುತ್ತದೆ ಎಂಬುದನ್ನೂ ನೆನಪಿಡಬೇಕು. ಪರೀಕ್ಷಾಲಯದಲ್ಲಿ ಮಾದರಿಯನ್ನು ತೂಗುವ ಕೈ ಇನ್ನೂ ಮನುಷ್ಯನದೇ.

ಯಂತ್ರದ ಹೊಟ್ಟೆ

ಮೂರನೆಯ ಮುಖ ವಿಚಿತ್ರವಾದುದು. ಅನಿಲದ ಲೆಕ್ಕವನ್ನಿಡುವ ಯಂತ್ರವೂ ವಿದ್ಯುತ್ತನ್ನು ತಿನ್ನುತ್ತದೆಯಷ್ಟೆ. ಬಿಟ್‌ಕಾಯಿನ್ ಎಂಬ ಸರ್ಕಾರದ ಮುದ್ರೆಯಿಲ್ಲದ ನಾಣ್ಯವನ್ನು ಪಡೆಯಲು ಲಕ್ಷಾಂತರ ಯಂತ್ರಗಳು ಹಗಲಿರುಳೂ ಅಂಕಿಗಳ ಒಗಟನ್ನು ಬಿಡಿಸುತ್ತ ಕುಳಿತಿರುತ್ತವೆ. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಅಂದಾಜಿನಂತೆ 2020ರ ಏಪ್ರಿಲಿನಲ್ಲಿ ಜಗತ್ತಿನ ಈ ಕೆಲಸದ ಸುಮಾರು ಮೂರರಲ್ಲಿ ಎರಡು ಪಾಲು ಚೀನಾದಲ್ಲಿ ನಡೆಯುತ್ತಿತ್ತು. ಒಳ ಮಂಗೋಲಿಯದ ಅಗ್ಗದ ಕಲ್ಲಿದ್ದಲ ವಿದ್ಯುತ್ತು ಇದರಲ್ಲಿ ಒಂದು ಭಾಗವನ್ನು ಸಾಕಿತು. ಒಂದು ಹಣಕಾಸಿನ ವಿದ್ಯೆ ಪಡುವಣ ಮರಳಿನಲ್ಲಿ ಗಿಡ ನೆಡುತ್ತಿದ್ದಾಗ ಇನ್ನೊಂದು ಹಣಕಾಸಿನ ವಿದ್ಯೆ ಅದೇ ಪ್ರಾಂತದ ಕಲ್ಲಿದ್ದಲನ್ನು ಉರಿಸುತ್ತಿತ್ತು! ಇಂಧನ ಮಿತಿಯ ಗುರಿಯನ್ನು ತಲಪದೆ ಕೇಂದ್ರ ಸರ್ಕಾರದ ಅಸಮಾಧಾನಕ್ಕೆ ಗುರಿಯಾದ ಪ್ರಾಂತಾಡಳಿತ 2021ರ ಏಪ್ರಿಲ್ ಮುಗಿಯುವುದರೊಳಗೆ ಇಂಥ ಕೇಂದ್ರಗಳನ್ನೆಲ್ಲ ಮುಚ್ಚಲು ನಿರ್ಧರಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಅಂತಹ ನಾಣ್ಯದ ವ್ಯವಹಾರವೇ ಕಾನೂನುಬಾಹಿರವೆಂದು ಸಾರಲಾಯಿತು. ವಿದ್ಯೆ ಒಂದೇ, ಅದನ್ನು ಯಾವ ಕೆಲಸಕ್ಕೆ ಹೂಡಿದರೆಂಬುದರ ಮೇಲೆ ಫಲ.

ಬಾಗೇಪಲ್ಲಿಯ ಒಲೆ

ಇದೆಲ್ಲ ದೂರದೇಶದ ಕಥೆಯೆಂದು ಕನ್ನಡಿಗರು ಕೈಬಿಡುವಂತಿಲ್ಲ. ಆಗ ಕೋಲಾರ ಜಿಲ್ಲೆಗೂ ಈಗ ಚಿಕ್ಕಬಳ್ಳಾಪುರ ಜಿಲ್ಲೆಗೂ ಸೇರಿರುವ ಬಾಗೇಪಲ್ಲಿಯ ಕೂಲಿ ಸಂಘ 5500 ಮನೆಗಳಿಗೆ ಗೋಬರ್ ಅನಿಲದ ಘಟಕಗಳನ್ನು ಕಟ್ಟುವ ಯೋಜನೆಯನ್ನು 2005ರ ಡಿಸೆಂಬರಿನಲ್ಲೇ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ನೋಂದಾಯಿಸಿತು. ಸೌದೆ, ಸೀಮೆಎಣ್ಣೆಗಳ ಬದಲು ಸಗಣಿಯ ಅನಿಲದಿಂದ ಅಡಿಗೆ. ಉಳಿದ ಇಂಗಾಲದ ಜಮೆಯನ್ನು ಹೊರದೇಶದವರಿಗೆ ಮಾರಿ ಬರುವ ಹಣವೇ ವೆಚ್ಚಕ್ಕೆ ಆಧಾರ. ಬೆಂಗಳೂರಿನ ಇನ್ಫೋಸಿಸ್ ಕಂಪೆನಿ 2020ರಲ್ಲಿ ತಾನು ಇಂಗಾಲ ತಟಸ್ಥವಾದೆನೆಂದು ಸಾರಿದಾಗ ಅದರ ಜಮೆಯ ಪುಟದಲ್ಲಿ ರಾಮನಗರದ ಸುತ್ತಣ ಹಳ್ಳಿಯ ಮನೆಗಳ ಗೋಬರ್ ಅನಿಲವೂ ಸೇರಿತ್ತು. ಗಾಜಿನ ಸೌಧದ ತಂಪು ಹವೆಗೂ ಹಳ್ಳಿಯ ಅಡಿಗೆಮನೆಗೂ ಹೀಗೆ ನಂಟು ಬೆಳೆಯಿತು. ಆ ಒಲೆ ದಿನವೂ ಉರಿದರೆ ಮಾತ್ರ ಆ ಜಮೆ ನಿಜ. ಸಗಣಿ ಸಾಲದೆ ಘಟಕ ನಿಂತುಹೋದ ಮನೆಯ ಹೆಸರಿನಲ್ಲಿ ಜಮೆ ಬರೆದರೆ ಅದೂ ಒಳ ಮಂಗೋಲಿಯದ ವರದಿಯೇ.

ಭಾರತದಲ್ಲಿ ಷೇರುಪೇಟೆಯ ಮೊದಲ ಸಾವಿರ ಕಂಪೆನಿಗಳು 2022-23ನೆಯ ಸಾಲಿನಿಂದ ಪರಿಸರದ ಲೆಕ್ಕವನ್ನು ಪ್ರಕಟಿಸಬೇಕಾಗಿದೆ. 2023ರ ಜೂನಿನಲ್ಲಿ ಕೇಂದ್ರ ಸರ್ಕಾರ ಇಂಗಾಲ ಜಮೆಯ ವ್ಯಾಪಾರ ಯೋಜನೆಯನ್ನೂ ಪ್ರಕಟಿಸಿತು. ಐರೋಪ್ಯ ಒಕ್ಕೂಟ 2026ರ ಜನವರಿ 1ರಿಂದ ಆಮದಾಗುವ ಉಕ್ಕು, ಸಿಮೆಂಟು, ಅಲ್ಯುಮಿನಿಯಂಗಳ ಇಂಗಾಲಕ್ಕೆ ಬೆಲೆ ಕೇಳತೊಡಗಿದೆ. ಬಳ್ಳಾರಿ ಸೀಮೆಯ ಉಕ್ಕು ಆ ಬಾಗಿಲಿಗೆ ಹೋಗಬೇಕಾದರೆ ಪರಿಶೀಲಿತವಾದ ಸ್ವಂತ ಅಳತೆಯನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಅಳತೆ ಇಲ್ಲದವನಿಗೆ ಅಲ್ಲಿಯೂ ಒಂದು ನಿಗದಿಯ ಅಂಕಿ ಕಾದಿದೆ. ಅದೂ ಏರಿಸಿದ ಅಂಕಿಯೇ. ಚೀನಾದಲ್ಲಿ ಯಾವ ನಿಯಮ ಪ್ರಲೋಭನವಾಯಿತೋ ಅದೇ ಬಗೆಯ ನಿಯಮವನ್ನು ನಾಳೆ ನಮ್ಮವರೂ ಎದುರಿಸಬೇಕಾಗಿದೆ.

ಆಗ ನಮ್ಮ ನಾಡಿಗೆ ಬೇಕಾಗುವುದು ವೇಗದ ಯಂತ್ರಗಳಷ್ಟೇ ಅಲ್ಲ. ಅವು ಹಣ ಕೊಟ್ಟರೆ ದೊರೆಯುತ್ತವೆ. ಕಲ್ಲಿದ್ದಲ ಮಾದರಿಯನ್ನು ರಾಶಿಯಿಂದ ಎತ್ತುವ ಕೂಲಿಯವನು, ಅದನ್ನು ಕುಟ್ಟಿ ಪರೀಕ್ಷಿಸುವ ತರುಣ ರಸಾಯನಶಾಸ್ತ್ರಜ್ಞ, ಹಳ್ಳಿಯ ಒಲೆ ಉರಿಯುತ್ತಿದೆಯೆ ಎಂದು ಮನೆಮನೆಗೆ ಹೋಗಿ ನೋಡಿ ಬರುವ ಕಾರ್ಯಕರ್ತೆ ಇವರೇ ಈ ಹೊಸ ವ್ಯಾಪಾರದ ಶ್ಯಾನುಭೋಗರು. ಅವರಿಗೆ ತಕ್ಕ ಸಂಬಳ, ಯಜಮಾನನ ಮಾತಿಗೆ ಇಲ್ಲವೆನ್ನುವ ಧೈರ್ಯ, ಆ ಧೈರ್ಯಕ್ಕೆ ಕಾನೂನಿನ ಬೆಂಬಲ ಇವುಗಳನ್ನು ಒದಗಿಸಿದ ದೇಶದಲ್ಲಿ ಇಂಗಾಲದ ಲೆಕ್ಕ ನಿಂತೀತು. ಅದರ ಮೇಲೆ ಕಟ್ಟಿದ ಕಂಪೆನಿಗಳ ಬೆಲೆಯೂ ನಿಂತೀತು. ಕಾಣುವ ಬೆಂಕಿಯಿಂದ ಕಾಣದ ಹೊಗೆಯನ್ನು ಊಹಿಸುವ ಈ ಹೊಸ ತರ್ಕಕ್ಕೂ ನೋಡಿದ್ದನ್ನು ನೋಡಿದಂತೆ ಹೇಳುವ ಸಾಕ್ಷಿಯೊಬ್ಬನು ಬೇಕೇ ಬೇಕು.